ಜುಲ್ಫಿಕಾರನ ಕಸಬರಿಗೆ

ಬೆಂಗೇರಿಯ ಮೆಕ್ಯಾನಿಕ್ ಜುಲ್ಫಿಕಾರ ಹಾಡಹಗಲೇ ಕಸಬರಿಗೆಯನ್ನು ಮುಂದೆ ಚಾಚಿಕೊಂಡು ತನ್ನ ಗ್ಯಾರೇಜಿನೊಳಗೆ ಹೋಗುತ್ತಾನೆ. ನೋಡಿದವರು ನಗುತ್ತಾರೆ, ನಗಲಿ. ರೇಸ್ ಬೈಕಿಗೆ ಹಾಕುವ ಮೆಥನಾಲಿನ ಬೆಂಕಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಕಸಬರಿಗೆಯ ತುದಿ ಸುಟ್ಟರೆ ಮಾತ್ರ ಅಲ್ಲಿ ಬೆಂಕಿಯಿದೆ ಎಂದು ಗೊತ್ತಾಗುತ್ತದೆ.

“ಪೆಟ್ರೋಲ್ ಬ್ಯಾಡ ಕಾಕಾ, ಮೆಥನಾಲ್ ಹಾಕ್ರಿ. ಈ ಸಲ ಗೆಲ್ಲಬೇಕು,” ಎಂದು ಬೈಕ್ ರೇಸಿನ ದುರ್ಗೇಶ ಗಂಟುಬಿದ್ದಿದ್ದ. ಇವನು ಹಾಕಿದ, ದುರ್ಗೇಶ ಗೆದ್ದ. ಗೆದ್ದವನು ಬೈಕಿನಿಂದಿಳಿದು ಮೈ ಬಡಿದುಕೊಳ್ಳುತ್ತ ಕುಣಿದಾಗ ಜನ ಸಿಳ್ಳೆ ಹೊಡೆದರು. ಜುಲ್ಫಿಕಾರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಟ್ಯಾಂಕು ಸೋರಿ ಮೈಗೆ ಹತ್ತಿದ್ದ ಉರಿ ಒಬ್ಬರಿಗೂ ಕಾಣಲಿಲ್ಲ. ಅಂಗಿ ಕರಗಿ ಚರ್ಮಕ್ಕೆ ಅಂಟಿದ ಮೇಲೆಯೇ ಚಪ್ಪಾಳೆ ನಿಂತದ್ದು. ದುರ್ಗೇಶ ಉಳಿಯಲಿಲ್ಲ.

ಬೈಕು ಗುಜರಿಗೆ ಹೋಯಿತು. ಗ್ಯಾರೇಜಿನಲ್ಲಿ ಅದು ನಿಲ್ಲುತ್ತಿದ್ದ ಮೂಲೆ ಇನ್ನೂ ಬೆಚ್ಚಗಿದೆ. ಮಧ್ಯಾಹ್ನವಾದರೆ, ಇಂಧನಕ್ಕೆ ಬೆರೆಸುತ್ತಿದ್ದ ಹರಳೆಣ್ಣೆ ಸುಟ್ಟ ವಾಸನೆ ಏಳುತ್ತದೆ. ಆದರೆ ಕಸಬರಿಗೆ ಅಲ್ಲಿ ಎಂದೂ ಸುಟ್ಟಿಲ್ಲ.

ನಿನ್ನೆ ಜುಲ್ಫಿಕಾರ ಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಹೆಂಡತಿ ಶಾಹೀನ ಕಸ ಹೊಡೆಯುತ್ತ ಬಂದಳು.

“ಹರಳೆಣ್ಣಿ ವಾಸನಿ ಎಲ್ಲಿಂದ ಬರಾಕತ್ತೈತ್ರಿ? ಸ್ವಲ್ಪ ಕಾಲು ಎತ್ರಿ.”

ಅವನ ಪಾದದ ಹತ್ತಿರ ಬಂದದ್ದೇ ಕಸಬರಿಗೆಯ ತುದಿ ಮುರುಟಿ ಕಪ್ಪಾಯಿತು.