ತೊಂಬತ್ತೆರಡನೆಯ ದೋಣಿಯ ಮೀನು

ಫಿಜಿಯ ಸುವಾ ಬಂದರಿನ ಮೀನು ಕಾರ್ಖಾನೆಯಲ್ಲಿ ಕಂಪ್ಯೂಟರ್ ದಾಖಲೆ ನೋಡಿಕೊಳ್ಳುವವನು ನಾನು. ದೋಣಿಯ ದಾಖಲೆಯಿಲ್ಲದ ಮೀನಿನ ಪೆಟ್ಟಿಗೆಯನ್ನು ಕಂಪ್ಯೂಟರ್ ದಾಖಲಿಸಿಕೊಳ್ಳುವುದಿಲ್ಲ. ಕಳೆದ ಮಂಗಳವಾರ ದಾಖಲೆಗಳನ್ನೆಲ್ಲ ಮರುತುಂಬಲು ಆ ಕಾವಲನ್ನು ತೆಗೆದಿದ್ದೆ. ಮತ್ತೆ ಹಾಕಹೋದರೆ ಒಂದು ಪೆಟ್ಟಿಗೆಯ ದಾಖಲೆ ಅಡ್ಡ ನಿಂತಿತು. ಅದರ ದೋಣಿ ಸಂಖ್ಯೆ ತೊಂಬತ್ತೆರಡು. ನಮ್ಮಲ್ಲಿದ್ದದ್ದು ತೊಂಬತ್ತೊಂದೇ ದೋಣಿ.

ಶೀತಕೋಣೆಯಲ್ಲಿ ಆ ಪೆಟ್ಟಿಗೆ ನಿಜಕ್ಕೂ ಇತ್ತು, ಬೆಚ್ಚಗೆ. ಮೇಲ್ವಿಚಾರಕಿ ಲಿತಿಯಾ ಕೈಹಾಕಿದಳು. ನೆನೆದ ಬ್ರೆಡ್ಡಿನಂಥ ಮಾಂಸ ಬೆರಳಿಗೆ ಮೆತ್ತಿಕೊಂಡಿತು, ಜೊತೆಗೆ ಮನುಷ್ಯರ ಕೂದಲು.

"ಥೂ! ಹೊಸ ದೋಣಿ ತಗೋತೀನಿ ಅಂತ ಕುಣೀತಿರೋ ನನ್ನ ಗಂಡನೂ ಇಂಥ ಹೊಲಸು ಹಿಡಿಯಲ್ಲ ಕಣೋ ಸೆಮಿ! ಸುಡು ಇದನ್ನ!"

ಅಜ್ಜಿ ಕಲಿಸಿದ ಬೈಬಲ್ಲಿನ ಕೀರ್ತನೆ ನಾಲಗೆಗೆ ಬಂತು. ಬಾಯಿ ತೆರೆದರೆ ಪೆಟ್ಟಿಗೆಯ ನಾತ ಒಳಹೊಕ್ಕೀತೆಂದು ಹೇಳಲಿಲ್ಲ.

ಪೆಟ್ಟಿಗೆಯನ್ನು ಸುಟ್ಟೆವು, ದಾಖಲೆಯನ್ನೂ ಅಳಿಸಿದೆ. ಇಂದು ಬೆಳಿಗ್ಗೆ ಲಿತಿಯಾಳ ಗಂಡ ಹೊಸ ದೋಣಿ ನೋಂದಾಯಿಸಿ ಕಡಲಿಗಿಳಿದ. ಕಂಪ್ಯೂಟರ್ ತಾನಾಗಿ ಕೊಟ್ಟ ಸಂಖ್ಯೆ ನಾನು ನೋಡಿದ್ದು ಅವನು ಹೋದ ಮೇಲೆ: ತೊಂಬತ್ತೆರಡು.