ಕ್ಯಾಮೆರಾದ ಪಕ್ಕದಲ್ಲಿ ನಿಂತವನು

ಇಸ್ತ್ರಿ ಪೆಟ್ಟಿಗೆ ಅಂಗಿಯ ತೋಳಿನ ಮೇಲೆ ಅರ್ಧ ದಾರಿಗೆ ಬಂದಿತ್ತು. ಅವಳ ಕಣ್ಣು ಮಾತ್ರ ಗೋಡೆಗೆ ಅಂಟಿಸಿದ್ದ ಸಂಭಾಷಣೆಯ ಹಾಳೆಯ ಮೇಲಿತ್ತು.

ಬಟ್ಟೆ ಕೋಣೆಯ ಹೆಂಗಸು ಅಂದು ಬಂದಿರಲಿಲ್ಲ. ಹೊಸ ನಟಿ ತನ್ನ ಉಡುಪನ್ನು ತಾನೇ ಇಸ್ತ್ರಿ ಮಾಡಿಕೊಳ್ಳಬೇಕಾಗಿತ್ತು. ಮೊದಲ ಚಿತ್ರ, ಮೊದಲ ದಿನ. ಬಾಯಲ್ಲಿ ಮಾತು ಉರು ಹೊಡೆಯುತ್ತಾ, ಕೈಯಲ್ಲಿ ಇಸ್ತ್ರಿ ತಿಕ್ಕುತ್ತಾ, ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಾ ನಿಂತಿದ್ದಳು. ಒಂದು ಕಡೆ ನಿಂತು ಒಂದೇ ಕೆಲಸ ಮಾಡುವ ಜಾಯಮಾನವೇ ಅವಳದಲ್ಲ.

"ಅದು ಸುಡ್ತಾ ಇದೆ."

ದನಿ ಎಷ್ಟು ಮೆತ್ತಗಿತ್ತೆಂದರೆ, ತನ್ನ ಮನಸ್ಸೇ ಹೇಳಿತೇನೋ ಎಂದುಕೊಂಡಳು. ತಲೆ ಎತ್ತಿದರೆ ಬಾಗಿಲಲ್ಲಿ ಒಬ್ಬ ಯುವಕ. ಕಂಕುಳಲ್ಲಿ ಕಾಗದದ ಕಟ್ಟು, ಕಿವಿಯ ಮೇಲೊಂದು ಪೆನ್ಸಿಲ್. ಕೆಳಗೆ ನೋಡಿದರೆ ತೋಳಿನ ಮೇಲೆ ಕಂದು ಬಣ್ಣದ ದೊಡ್ಡ ಕಲೆ!

ಅವಳಿಗೆ ಸಿಟ್ಟು ನೆತ್ತಿಗೇರಿತು. ಸುಡುವವರೆಗೂ ನೋಡುತ್ತಾ ನಿಂತು ಆಮೇಲೆ ಹೇಳಲು ಬಂದಿರಾ, ಸ್ವಲ್ಪ ಜೋರಾಗಿ ಕೂಗಿದ್ದರೆ ಬಾಯಿ ಸವೆಯುತ್ತಿತ್ತಾ ಎಂದು ಯಾರು ಏನೆಂದು ವಿಚಾರಿಸದೆ ದಬಾಯಿಸಿದಳು.

ಅವನು ನಗಲೂ ಇಲ್ಲ, ಮುನಿಯಲೂ ಇಲ್ಲ. ಜೋರಾಗಿ ಮಾತಾಡಿ ಅಭ್ಯಾಸವಿಲ್ಲ, ತನ್ನ ಕೆಲಸವೇ ಪಿಸುಗುಟ್ಟುವುದು ಎಂದ. ನಟರು ಮಾತು ಮರೆತರೆ ಮರೆಯಿಂದ ನೆನಪಿಸುವವನು ಅವನು. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು 'ಪಿಸುಮಾತು' ಎಂದೇ ಕರೆಯುತ್ತಿದ್ದರು.

"ಕ್ಯಾಮೆರಾ ನಿಮ್ಮ ಬಲಗಡೆ ಇರುತ್ತೆ," ಎಂದ. "ಸುಟ್ಟಿದ್ದು ಎಡಗೈ. ಗಾಬರಿ ಆಗ್ಬೇಡಿ."

ಅಷ್ಟು ಹೇಳಿ ಹೋಗಿಬಿಟ್ಟ. ಅವಳ ಸಿಟ್ಟು ಮಾತ್ರ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿಯಿತು... ಆಮೇಲೆ ಅದು ಸಿಟ್ಟಾಗಿಯೂ ಉಳಿಯಲಿಲ್ಲ.

ಆ ಕಾಲದ ಚಿತ್ರಗಳಲ್ಲಿ ಒಂದು ಪದ್ಧತಿಯಿತ್ತು. ನಾಯಕಿಯ ಮುಖವನ್ನು ಹತ್ತಿರದಿಂದ ಚಿತ್ರಿಸುವಾಗ ನಾಯಕ ಎದುರಿಗೆ ನಿಲ್ಲಬೇಕಿರಲಿಲ್ಲ. ದೊಡ್ಡ ನಟರಾದ ಅವರು ತಮ್ಮ ಭಾಗ ಮುಗಿಸಿ ಮನೆಗೆ ಹೋಗಿ ಮಲಗಿರುತ್ತಿದ್ದರು. ಕ್ಯಾಮೆರಾದ ಪಕ್ಕದಲ್ಲಿ ಪಿಸುಮಾತು ನಿಂತು ನಾಯಕನ ಮಾತುಗಳನ್ನು ಮೆಲ್ಲಗೆ ಓದುತ್ತಿದ್ದ. ದನಿಯನ್ನು ಆಮೇಲೆ ಬೇರೆ ಕೋಣೆಯಲ್ಲಿ ಸೇರಿಸುತ್ತಿದ್ದರಾದ್ದರಿಂದ ಅಲ್ಲಿ ಯಾರು ಏನು ಹೇಳಿದರೂ ಚಿತ್ರಕ್ಕೆ ತೊಂದರೆಯಿರಲಿಲ್ಲ.

ಹೀಗಾಗಿ, ಪರದೆಯ ಮೇಲೆ ಅವಳು ನಾಯಕನ ಕಡೆ ನೋಡಿದ ನೋಟವೆಲ್ಲ ನಿಜವಾಗಿ ಬಿದ್ದದ್ದು ಪಿಸುಮಾತಿನ ಮೇಲೆ. ನೀನಿಲ್ಲದೆ ಬದುಕಲಾರೆ ಎಂದದ್ದು ಅವನಿಗೆ. ಕಣ್ಣು ತಗ್ಗಿಸಿ ನಾಚಿದ್ದು ಅವನ ಮುಂದೆ. ಜನ ನಾಯಕ ನಾಯಕಿಯ ಜೋಡಿ ಎಷ್ಟು ಚೆನ್ನ ಎಂದು ಬಾಯಿ ಚಪ್ಪರಿಸುತ್ತಿದ್ದರೆ, ಅವಳು ಒಳಗೊಳಗೇ ನಗುತ್ತಿದ್ದಳು.

ನಿರ್ದೇಶಕರಿಗೆ ಇನ್ನೊಂದು ಚಟವಿತ್ತು. ಅವಳ ಮುಖದಲ್ಲಿ ಹೊಸ ಭಾವ ಬೇಕಾದಾಗ, ಹಾಳೆಯಲ್ಲಿಲ್ಲದ ಮಾತನ್ನು ಪಿಸುಮಾತಿನ ಕಿವಿಯಲ್ಲಿ ಊದಿ ಹೇಳಿಸುತ್ತಿದ್ದರು. ಒಮ್ಮೆ ವಿರಹದ ದೃಶ್ಯದಲ್ಲಿ, ನಿಮ್ಮ ಕತ್ತಿನ ಮೇಲೆ ಜೇಡ ಹತ್ತುತ್ತಿದೆ ಎಂದು ಹೇಳಿಸಿದ್ದರು. ಅವಳು ಬೆಚ್ಚಿದ್ದು ಪತ್ರಿಕೆಗಳಲ್ಲಿ ಪ್ರೇಮದ ನಡುಕ ಎಂದು ಅಚ್ಚಾಯಿತು! ಏನೇ ಕೇಳಿದರೂ ಅವಳು ಕದಲಬಾರದು, ಹಾಳೆಯಲ್ಲಿದ್ದ ತನ್ನ ಮಾತನ್ನೇ ಹೇಳಿ ಮುಗಿಸಬೇಕು. ಇಲ್ಲದಿದ್ದರೆ ಫಿಲ್ಮು ದಂಡ. ವರ್ಷಗಟ್ಟಲೆ ಹೀಗೇ ಪಳಗಿದ್ದಳು.

ಚಿತ್ರದ ಮೇಲೆ ಚಿತ್ರ ಬಂದವು. ಬೀದಿಯ ಗೋಡೆಗಳ ಮೇಲೆ ಅವಳ ಮುಖ. ಮನೆಯಲ್ಲಿ ಮಾತ್ರ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಮುಖಕ್ಕೆ ಬಣ್ಣ ಹಚ್ಚುವ ಹೆಂಗಸು, ಎಲ್ಲರ ಬಾಯಲ್ಲಿ ಬಣ್ಣದಕ್ಕ, ಅವಳ ಗಲ್ಲ ಹಿಡಿದು ಗದರುತ್ತಿದ್ದಳು. "ಅಲ್ಲಾಡಬೇಡ ಕಣೇ ಕಡ್ಡಿ. ನಿನ್ನ ಹುಬ್ಬು ಬರೆಯೋದೂ ಒಂದೇ, ಓಡೋ ಬಸ್ಸಿನ ಮೇಲೆ ಹೆಸರು ಬರೆಯೋದೂ ಒಂದೇ."

ಕ್ಯಾಮೆರಾ ನಿಂತ ಮೇಲೆ ಅವಳೂ ಪಿಸುಮಾತೂ ಹೆಚ್ಚು ಮಾತಾಡಿದವರಲ್ಲ. ಊಟ ಆಯ್ತಾ, ನಾಳೆ ಎಷ್ಟು ಹೊತ್ತಿಗೆ, ಅಷ್ಟೇ. ಬೇರೆಯವರು ಬರೆದ ಮಾತಿನಲ್ಲಿ ಎಲ್ಲವನ್ನೂ ಹೇಳಿಕೊಂಡವರಿಗೆ ಸ್ವಂತ ಮಾತು ಒಂದೂ ಹೊರಡುತ್ತಿರಲಿಲ್ಲ. 'ಇವತ್ತು ಕೇಳ್ತಾನೆ... ಇಲ್ಲ, ನಾಳೆ ಕೇಳ್ತಾನೆ...' ಎಂದುಕೊಳ್ಳುವುದರಲ್ಲೇ ಅವಳ ದಿನಗಳು ಹೋದವು.

ಒಂದು ದಿನ ಅಗಲಿಕೆಯ ದೃಶ್ಯ. ನಾಯಕ ಕೊನೆಯ ಸಲ ಬೇಡುತ್ತಾನೆ, ನಾಯಕಿ ಮನಸ್ಸು ಕಲ್ಲು ಮಾಡಿಕೊಂಡು ಕಳಿಸಿಬಿಡುತ್ತಾಳೆ. ದೀಪಗಳು ಹೊತ್ತಿದವು. ಕ್ಯಾಮೆರಾ ಗುಂಯ್ಗುಟ್ಟಿತು. ಪಕ್ಕದಲ್ಲಿ ಪಿಸುಮಾತು ನಿಂತಿದ್ದ. ಹಾಳೆ ಕೈಯಲ್ಲಿತ್ತು, ಅದರ ಕಡೆ ನೋಡಲಿಲ್ಲ.

"ಇದು ಹಾಳೆಯಲ್ಲಿಲ್ಲ," ಎಂದ. "ನಾನೇ ಕೇಳ್ತಿದ್ದೀನಿ. ನನ್ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿತು. ಹೂಂ ಎನ್ನಲು ತುಟಿ ಬಿಚ್ಚಿತ್ತು ಕೂಡ... ಆಗ ಹಿಂದಿನ ಕುರ್ಚಿಯಲ್ಲಿ ಗಲ್ಲಕ್ಕೆ ಕೈಯಾನಿಸಿ ಅವಳನ್ನೇ ನೋಡುತ್ತಿದ್ದ ನಿರ್ದೇಶಕರು ಕಂಡರು.

'ಅಯ್ಯೋ, ಇದೂ ಅವರದೇ ಆಟ! ನನ್ನ ಮನಸ್ಸಿನ ಗುಟ್ಟು ಇವರಿಗೆಲ್ಲ ಗೊತ್ತಾಗಿದೆ. ಅದನ್ನೇ ಹಿಂಡಿ ಕಣ್ಣೀರು ತೆಗೀತಿದ್ದಾರೆ. ಇವನೂ ಅದಕ್ಕೆ ಸೇರಿಕೊಂಡಿದ್ದಾನೆ...'

ಪಳಗಿದ ಬಾಯಿ ತನ್ನ ಕೆಲಸ ಮಾಡಿತು. "ಈ ಜನ್ಮದಲ್ಲಿ ಅದು ಆಗುವ ಮಾತಲ್ಲ. ಹೊರಡು."

ನಿರ್ದೇಶಕರು ಭಲೇ ಎಂದರು. ಬೆಳಕಿನವರು ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಸೆಟ್ಟಿನ ಹಿಂದೆ ಪಿಸುಮಾತು ಕಾದು ನಿಂತಿದ್ದ. ಅವಳು ನೇರ ಹೋಗಿ ಅವನ ಮುಂದೆ ನಿಂತಳು.

"ಇಂಥದ್ದನ್ನ ಇನ್ನೊಂದು ಸಲ ನನ್ನ ಹತ್ರ ಹೇಳಬೇಡಿ. ನನಗೆ ಅಸಹ್ಯ ಆಯ್ತು."

ಅವನು ತಲೆಯಾಡಿಸಿದ, ಅಷ್ಟೇ. ಮರುದಿನ ಕ್ಯಾಮೆರಾದ ಪಕ್ಕದಲ್ಲಿ ಬೇರೆ ಯಾರೋ ನಿಂತಿದ್ದರು. ಪಿಸುಮಾತು ಕೆಲಸ ಬಿಟ್ಟನಂತೆ, ಊರನ್ನೂ ಬಿಟ್ಟನಂತೆ ಎಂದು ಬಣ್ಣದಕ್ಕ ಹೇಳಿದಾಗ, ಅವನ ಸುದ್ದಿ ನನ್ನ ಮುಂದೆ ಎತ್ತಬೇಡ ಎಂದು ಮುಖ ತಿರುಗಿಸಿದಳು. ಮುಖ ತಿರುಗಿಸಿದ್ದರಿಂದ ಅರ್ಧ ಹುಬ್ಬು ಹಣೆಗೆ ಹೋಯಿತು.

ಕಾಲ ನಿಲ್ಲಲಿಲ್ಲ. ನಾಯಕಿಯಾಗಿದ್ದವಳು ಅಕ್ಕನಾದಳು, ಅತ್ತಿಗೆಯಾದಳು. ನಾಯಕರು ಮಾತ್ರ ನಾಯಕರಾಗೇ ಉಳಿದರು. ಅಷ್ಟರಲ್ಲಿ ಟೆಲಿವಿಷನ್ ಬಂತು. ವಾರಕ್ಕೊಮ್ಮೆ ನೇರ ಪ್ರಸಾರದ ನಾಟಕ. ಅದರಲ್ಲಿ ಅವಳು ಸೊಸೆಯನ್ನು ಗೋಳು ಹೊಯ್ದುಕೊಳ್ಳುವ ಅತ್ತೆ. ಪಾತ್ರ ಎಷ್ಟು ಮನೆಮಾತಾಯಿತೆಂದರೆ, ತರಕಾರಿ ಅಂಗಡಿಯವಳು ಬೇಕೆಂದೇ ಕೊಳೆತ ಟೊಮೇಟೊ ಹಾಕಿ, ಆ ಮಗುವಿನ ಕಣ್ಣೀರು ನಿಮಗೆ ತಟ್ಟದೇ ಇರಲ್ಲ ಎಂದು ಶಪಿಸುತ್ತಿದ್ದಳು. ಅವಳು ಮಾತಾಡದೆ ಟೊಮೇಟೊ ತಂದು ಸಾರು ಮಾಡಿಕೊಂಡು ಒಬ್ಬಳೇ ಉಣ್ಣುತ್ತಿದ್ದಳು.

ಮದುವೆಯ ಮಾತು ತಂದವರಿದ್ದರು. ಇವಳೇ ಬೇಡವೆಂದಳು. ಯಾಕೆ ಎಂದರೆ ಪುರುಸೊತ್ತಿಲ್ಲ ಎನ್ನುತ್ತಿದ್ದಳು. ಮನೆ ಬದಲಿಸಿದಳು, ಮನೆಯೊಳಗೆ ಮಂಚದ ಜಾಗ ಬದಲಿಸಿದಳು, ಪರದೆಗಳನ್ನು ಬದಲಿಸಿದಳು. ಯಾವುದೂ ಮನಸ್ಸಿಗೆ ಹೊಂದಲಿಲ್ಲ. ಟೆಲಿವಿಷನ್ ಸ್ಟುಡಿಯೋದಲ್ಲಿ ಮೂರು ಕ್ಯಾಮೆರಾ. ಯಾವುದರ ತಲೆಯ ಮೇಲೆ ಕೆಂಪು ದೀಪ ಹೊತ್ತುತ್ತದೋ ಅದರ ಕಡೆಗೆ ತಿರುಗಬೇಕು. ಪಕ್ಕದಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಅವಳ ಕಣ್ಣು ಮಾತ್ರ ಆ ಖಾಲಿ ಜಾಗಕ್ಕೆ ಹೋಗಿ ಹೋಗಿ ಬರುತ್ತಿತ್ತು.

ಒಮ್ಮೆ ಹಳೆಯ ಚಿತ್ರಗಳ ಬಗ್ಗೆ ನೇರ ಪ್ರಸಾರದ ಸಂದರ್ಶನ ಏರ್ಪಾಡಾಯಿತು. ಅವಳೂ ಇದ್ದಳು, ಈಗ ಕಿವಿ ಮಂದವಾಗಿದ್ದ ಹಳೆಯ ನಿರ್ದೇಶಕರೂ ಇದ್ದರು. ಅಗಲಿಕೆಯ ದೃಶ್ಯದ ಆ ತುಣುಕು ತೋರಿಸಿ, ಆ ಕಣ್ಣೀರನ್ನು ಹೇಗೆ ತರಿಸಿದಿರಿ ಎಂದು ಸಂದರ್ಶಕ ಜೋರಾಗಿ ಕೇಳಿದ.

"ನಾನೇನೂ ಮಾಡಲಿಲ್ಲಪ್ಪ," ಎಂದರು ನಿರ್ದೇಶಕರು. "ಅವತ್ತು ನನಗೆ ಹಲ್ಲುನೋವು. ಗಲ್ಲ ಹಿಡ್ಕೊಂಡು ಕೂತಿದ್ದೆ. ಹಾಳೆಯಲ್ಲಿ ಇರೋದನ್ನೇ ಓದಿ ಮುಗಿಸಯ್ಯಾ ಅಂದಿದ್ದೆ ಪಿಸುಮಾತಿಗೆ. ಅವನು ಏನಂದನೋ, ಇವಳು ಯಾಕೆ ಅತ್ತಳೋ, ದೇವರಾಣೆಗೂ ಗೊತ್ತಿಲ್ಲ."

ಕೆಂಪು ದೀಪ ಅವಳ ಮುಂದಿನ ಕ್ಯಾಮೆರಾದ ಮೇಲೆ ಹೊತ್ತಿತು. ಸಂದರ್ಶಕ ಅವಳ ಕಡೆ ತಿರುಗಿದ.

ಅವಳು ಬಾಯಿ ತೆರೆದಳು. ಒಂದು ಮಾತೂ ಹೊರಡಲಿಲ್ಲ.

'ನಾನೇ ಕೇಳ್ತಿದ್ದೀನಿ ಅಂದಿದ್ದ... ಅವನೇ ಕೇಳಿದ್ದ! ಅದಕ್ಕೆ ನಾನು ಅಸಹ್ಯ ಅಂದೆ...'

ಊರೂರಿನ ಮನೆಗಳಲ್ಲಿ ಜನ ತಮ್ಮ ಪೆಟ್ಟಿಗೆಯ ದನಿ ಕೆಟ್ಟಿತೆಂದು ಗುಂಡಿ ತಿರುಗಿಸಿದರು. ಕೊನೆಗೆ ಸಂದರ್ಶಕನೇ ಏನೋ ಹೇಳಿ ಮಾತು ಮುಂದುವರಿಸಿದ.

ಮರುದಿನ ಬೆಳಿಗ್ಗೆ ಬಣ್ಣದಕ್ಕನ ಮನೆಗೆ ಓಡಿದಳು. ನಡೆದದ್ದನ್ನೆಲ್ಲ ಹೇಳಿ, ಪಿಸುಮಾತು ಈಗ ಎಲ್ಲಿದ್ದಾರೆ ಎಂದು ಕೇಳಿದಳು. ಬಣ್ಣದಕ್ಕ ಹಣೆ ಚಚ್ಚಿಕೊಂಡಳು. ಆಗಾಗ ಕಾಗದ ಬರೆಯುತ್ತಾನೆ, ದೂರದ ಊರಿನ ಶಾಲೆಯಲ್ಲಿ ಮೇಷ್ಟರು, ಇನ್ನೂ ಒಂಟಿ. ಸುದ್ದಿ ಎತ್ತಬೇಡ ಅಂದವಳು ನೀನೇ ಅಲ್ಲವೇ ಎಂದು ಬೈದಳು. ಬೈಯುತ್ತಲೇ ವಿಳಾಸ ಬರೆದುಕೊಟ್ಟಳು.

ಅಂದೇ ಪತ್ರ ಬರೆದಳು. ಲಕೋಟೆಗೆ ಹಾಕಿ ಅಂಚೆಚೀಟಿಯನ್ನೂ ಹಚ್ಚಿದಳು. ಆದರೆ ಅಂಚೆಗೆ ಹಾಕಲಾಗಲಿಲ್ಲ.

ಓದಿಕೊಂಡರೆ ಒಂದೊಂದು ಸಾಲೂ ಯಾವುದೋ ಚಿತ್ರದ್ದು ಅನ್ನಿಸುತ್ತಿತ್ತು. ಲಕೋಟೆ ಒಡೆದು ಬೇರೆ ಬರೆದಳು. ಈಗಲೂ ನನ್ನನ್ನು ನೆನೆಸಿಕೊಳ್ಳುತ್ತಾರಾ? ನೆನೆಸಿಕೊಂಡರೂ ಆ ಅಸಹ್ಯ ಎಂಬ ಮಾತನ್ನಲ್ಲವೇ... ಪತ್ರ ಕೈಚೀಲಕ್ಕೆ ಹೋಯಿತು, ಕಪಾಟಿಗೆ ಹೋಯಿತು, ಮತ್ತೆ ಕೈಚೀಲಕ್ಕೆ ಬಂತು. ಅಂಚೆ ಡಬ್ಬಿಯ ಮುಂದೆ ದಿನವೂ ಹೋಗಿ ನಿಂತು, ಚಪ್ಪಲಿ ಸರಿಮಾಡಿಕೊಂಡವಳಂತೆ ನಟಿಸಿ ಹಿಂದಕ್ಕೆ ಬರುತ್ತಿದ್ದಳು. ವಾರಗಳು ಉರುಳಿದವು. ಲಕೋಟೆಯ ಅಂಚು ಸವೆಯಿತು.

"ಅತ್ತೆ ಪಾತ್ರದಲ್ಲಿ ಊರನ್ನೆಲ್ಲ ನಡುಗಿಸ್ತೀಯ," ಎಂದಳು ಬಣ್ಣದಕ್ಕ. "ಒಂದು ಡಬ್ಬಿ ಮುಂದೆ ಕೈಕಾಲು ನಡುಗುತ್ತಾ ನಿನಗೆ?"

ಒಂದು ಸಂಜೆ ತಾಲೀಮು ಮುಗಿಸಿ ಹೊರಬಂದಾಗ, ಟೆಲಿವಿಷನ್ ಸ್ಟುಡಿಯೋದ ಗೇಟಿನ ಆಚೆ ಕಂಬಕ್ಕೆ ಒರಗಿ ಒಬ್ಬರು ನಿಂತಿದ್ದರು. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಪ್ರಯಾಣದ ಚೀಲ.

ಅವಳ ಕಾಲು ನೆಲಕ್ಕೆ ಅಂಟಿತು. ಜೀವಮಾನದಲ್ಲಿ ಮೊದಲ ಬಾರಿಗೆ ನಿಂತಲ್ಲಿ ನಿಂತಳು.

ಅವನೇ ಹತ್ತಿರ ಬಂದ. ಆ ಸಂದರ್ಶನವನ್ನು ಪಕ್ಕದ ಮನೆಯಲ್ಲಿ ಕೂತು ನೋಡಿದ್ದನಂತೆ. ಹೊರಡಬೇಕು ಎಂದುಕೊಳ್ಳುತ್ತಾ, ಬೇಡ ಎಂದುಕೊಳ್ಳುತ್ತಾ, ಶಾಲೆಗೆ ರಜೆ ಬರುವವರೆಗೂ ತನ್ನನ್ನು ತಾನೇ ಏಮಾರಿಸಿಕೊಂಡಿದ್ದನಂತೆ.

"ಅಷ್ಟು ವರ್ಷ ನಿಮ್ಮ ಎದುರು ನಿಂತಿದ್ದೆ," ಎಂದ ಅದೇ ಮೆತ್ತಗಿನ ದನಿಯಲ್ಲಿ. "ನಿಮಗೆ ಮಾತು ಮರೆತದ್ದನ್ನ ಒಂದು ಸಲವೂ ನೋಡಿರಲಿಲ್ಲ. ಸಂದರ್ಶನದಲ್ಲಿ ಮರೀತು. ಯಾಕೆ ಅಂತ ಕೇಳೋಕೆ ಬಂದೆ."

"ನೀವು ಕೇಳಿದ್ದನ್ನ ನಿರ್ದೇಶಕರು ಹೇಳಿಸಿದ್ದು ಅಂದ್ಕೊಂಡೆ," ಎಂದಳು ಅವಳು. "ನನ್ನ ಮನಸ್ಸು ಗೊತ್ತಿದ್ದೇ ಆಟ ಆಡ್ತಿದ್ದೀರಿ ಅಂದ್ಕೊಂಡೆ. ಅಸಹ್ಯ ಅಂದಿದ್ದು ಆ ಆಟಕ್ಕೆ... ನಿಮಗಲ್ಲ. ನಿಮಗೆ ಅನ್ನೋದಕ್ಕೆ ನನ್ನ ಹತ್ರ ಬೇರೆ ಮಾತಿತ್ತು."

ಕ್ಯಾಮೆರಾದ ಪಕ್ಕದಲ್ಲಿ ನಿಂತು ಕೇಳಿದ್ದು ತನ್ನದೇ ತಪ್ಪು ಎಂದ. ಬೇರೆಲ್ಲಿ ನಿಂತರೂ ನಾಲಗೆ ಏಳುತ್ತಿರಲಿಲ್ಲ, ಅಲ್ಲಾದರೆ ಧೈರ್ಯ ಬರುತ್ತಿತ್ತು ಎಂದ. ಮನಸ್ಸಿದ್ದರೆ ಅವಳೇ ದೃಶ್ಯ ನಿಲ್ಲಿಸುತ್ತಾಳೆ ಎಂದು ನಂಬಿದ್ದನಂತೆ.

"ದೃಶ್ಯ ನಿಲ್ಲಿಸೋದೇ!" ಅವಳಿಗೆ ಅಳುವಿನ ನಡುವೆ ನಗು ಬಂತು. "ಫಿಲ್ಮು ದಂಡ ಆದ್ರೆ ನಿರ್ದೇಶಕರು ನನ್ನನ್ನ ಬಿಡ್ತಿದ್ರಾ?"

ಅವನೂ ನಕ್ಕ. ಇಬ್ಬರೂ ಕಣ್ಣು ಒರೆಸಿಕೊಂಡರು. ಅವಳು ಕೈಚೀಲದಿಂದ ಸವೆದ ಲಕೋಟೆಯನ್ನು ತೆಗೆದು ಅವನ ಮುಂದೆ ಹಿಡಿದಳು. ಉತ್ತರ ಇದರಲ್ಲಿದೆ, ಅಂಚೆಗೆ ಹಾಕುವ ಧೈರ್ಯವೇ ಬರಲಿಲ್ಲ ಎಂದಳು.

ಅವನು ಕೈ ಚಾಚಿದ. ಮತ್ತೆ ಹಿಂದಕ್ಕೆ ತೆಗೆದುಕೊಂಡ.

"ಹೀಗೆ ಕೈಗೆ ಕೊಡಬೇಡಿ. ಅಂಚೆಗೆ ಹಾಕಿ. ನನ್ನ ಹೆಸರಿಗೆ ಒಂದು ಪತ್ರ ಬಾಗಿಲ ತನಕ ಬರಲಿ."

ರಸ್ತೆಯ ಮೂಲೆಯ ಡಬ್ಬಿಯವರೆಗೆ ಇಬ್ಬರೂ ನಡೆದರು. ಅವಳು ಲಕೋಟೆಯನ್ನು ಡಬ್ಬಿಯ ಬಾಯಿಗೆ ತಂದು ಹಾಗೇ ಹಿಡಿದಳು.

"ಇದು ತಲುಪೋ ಹೊತ್ತಿಗೆ ನಾನೂ ನಿಮ್ಮ ಮನೇಲಿ ಇದ್ದರೆ?"

ಅವನ ಮುಖದಲ್ಲಿ ಮೂಡಿದ ಭಾವವನ್ನು ಯಾವ ನಿರ್ದೇಶಕರೂ ಹೇಳಿಕೊಟ್ಟಿರಲಾರರು.

"ಹಾಗಾದ್ರೆ ಅಂಚೆಯವರು ಬಂದಾಗ ಬಾಗಿಲು ನೀನೇ ತೆಗಿ," ಎಂದ. "ಇಸ್ಕೊಂಡು ಒಳಗೆ ತಂದುಕೊಡು."

ಅವಳು ಬೆರಳು ಸಡಿಲಿಸಿದಳು. ಪತ್ರ ಡಬ್ಬಿಯ ತಳಕ್ಕೆ ಬಿತ್ತು.