ಹಾಲಗೆರೆಯ ಟಗರು

ಕೀರ್ತಿದುರ್ಗದ ಮೂಡಣ ಬುರುಜಿನಿಂದ ನಗಾರಿ ಮೊಳಗಿದೊಡನೆ ಪಟ್ಟದಾನೆ ಗಂಟೆಯ ನಾದದೊಡನೆ ರಾಜಬೀದಿಗೆ ಇಳಿಯುತ್ತಿತ್ತು. ಇಕ್ಕೆಲಗಳಲ್ಲಿ ಹೂವಾಡಿಗರು ಸುರಗಿ, ಸೇವಂತಿಗೆಗಳ ಬುಟ್ಟಿ ಬಿಚ್ಚುತ್ತಿದ್ದರು, ಕಂಚುಗಾರರ ಕೇರಿಯಿಂದ ಸುತ್ತಿಗೆಯ ಸದ್ದು ಏಳುತ್ತಿತ್ತು. ಇಷ್ಟು ಲವಲವಿಕೆಯ ರಾಜಧಾನಿಯ ನಡುವೆ, ಅರಮನೆಯ ಸಭಾಮಂಟಪದಲ್ಲಿ ಮಾತ್ರ ಹನ್ನೆರಡು ಮಂದಿ ಪಂಡಿತರು ನಾಲ್ಕು ದಿನಗಳಿಂದ ಒಂದು ಟಗರಿನ ಮುಖದ ಬಗ್ಗೆ ವಾದ ಹೂಡಿ ಕುಳಿತಿದ್ದರು.

ಟಗರು ಹಾಲಗೆರೆ ಎಂಬ ಪುಟ್ಟ ಪಟ್ಟಣದ ಲಾಂಛನ. ಮಹಾರಾಜ ಅರಿಮರ್ದನದೇವನ ಅಜ್ಜ ಯುದ್ಧದಲ್ಲಿ ಸೋತು, ಗಾಯಗೊಂಡು ಬಂದಾಗ ಹಾಲಗೆರೆಯವರು ಅವನನ್ನು ಕುರಿಹಟ್ಟಿಯಲ್ಲಿ ಅಡಗಿಸಿ ಉಳಿಸಿದ್ದರು. ಆ ಉಪಕಾರಕ್ಕೆ ಅವನು ಅನುಗ್ರಹಿಸಿದ್ದು ಮೂಡಣಕ್ಕೆ, ಅಂದರೆ ರಾಜಧಾನಿಯ ಕಡೆಗೆ, ಮುಖಮಾಡಿ ನಿಂತ ಟಗರಿನ ಮುದ್ರೆ. ಅದು ನಿಷ್ಠೆಯ ಗುರುತು. ಆದರೆ ಊರ ಹೆಬ್ಬಾಗಿಲ ಮೇಲಿನ ಕಲ್ಲಿನ ಟಗರು ಪಡುವಣದ ಶತ್ರುರಾಜ್ಯವನ್ನು ನೋಡುತ್ತಿತ್ತು. ಮೂವತ್ತೆಂಟು ವರ್ಷ ಯಾರೂ ಗಮನಿಸದ ಈ ಸಂಗತಿ ಮಹಾಪ್ರಧಾನ ಗೋವಿಂದಮಯ್ಯನ ಕಣ್ಣಿಗೆ ಬಿದ್ದದ್ದು, ಅವನ ಅಳಿಯ ಹಾಲಗೆರೆಯ ಒಡೆತನ ಬಯಸಿದ ಮೇಲೆ. ಊರ ಮುಖ್ಯಸ್ಥ ಬಮ್ಮಿಸೆಟ್ಟಿ ರಾಜದ್ರೋಹದ ಆರೋಪದ ಮೇಲೆ ಸೆರೆ ಸೇರಿದ. ಆರೋಪ ನಿಜವೆಂದು ತೀರ್ಮಾನವಾದರೆ ಅವನ ತಲೆ ಉಳಿಯುವಂತಿರಲಿಲ್ಲ.

ಶತ್ರುವನ್ನು ನೋಡುವ ಟಗರು ಶರಣಾಗತಿಯ ಸಂಕೇತವೆಂದರು ಕೆಲವರು, ಸವಾಲಿನ ಸಂಕೇತವೆಂದರು ಇನ್ನು ಕೆಲವರು. ಒಬ್ಬರಂತೂ ಮೇಷರಾಶಿಗೆ ಹೋಗಿ ಅಲ್ಲಿಯೇ ಎರಡು ದಿನ ತಂಗಿದರು. ಮುದ್ರೆಯನ್ನೊಮ್ಮೆ ತರಿಸಿ ನೋಡೋಣವೆಂದು ಒಬ್ಬರಿಗಾದರೂ ತೋಚಬಾರದೇ!

ನಿಜ ತಿಳಿದಿದ್ದವನು ಅರಮನೆಯ ಮುದ್ರೆ ಕೆತ್ತುವ ಓಜ ಮಾಳೋಜ, ಅರವತ್ತರ ಮುದುಕ. ಹೆಬ್ಬಾಗಿಲ ಕಲ್ಲು ಅವನ ಇಪ್ಪತ್ತೆರಡನೆಯ ವಯಸ್ಸಿನ ಕೆಲಸ. ಅರಗಿನ ಮೇಲೆ ಒತ್ತಿದಾಗ ನೇರವಾಗಿ ಮೂಡಲೆಂದು ಮುದ್ರೆಯನ್ನು ಯಾವಾಗಲೂ ಎಡಬಲ ತಿರುವುಮುರುವಾಗಿ ಕೆತ್ತಬೇಕು. ಅದೇ ಅಭ್ಯಾಸದಲ್ಲಿ ಬೆಳೆದ ಕಣ್ಣಿಗೆ ತಿರುವುಮುರುವೇ ನೇರವಾಗಿ ಕಂಡಿತ್ತು. ಹಿತ್ತಾಳೆಯ ಮುದ್ರೆಯನ್ನು ಎದುರಿಗಿಟ್ಟುಕೊಂಡು, ಗೆರೆಗೆ ಗೆರೆ ಕೂಡಿಸಿ, ಅದು ಇದ್ದಂತೆಯೇ ಕಲ್ಲಿಗೆ ಇಳಿಸಿಬಿಟ್ಟಿದ್ದ. ತನ್ನ ತಪ್ಪು ಅವನಿಗೆ ಹೊಳೆದದ್ದೂ ಪಂಡಿತರ ಗದ್ದಲ ಕೇಳಿದ ದಿನವೇ.

ಆ ದಿನದಿಂದ ಅವನು ಅಲೆದದ್ದೇ ಅಲೆದದ್ದು. ಬಾಗಿಲ ಕಾವಲಿನವನು ಮುದ್ರಾಧಿಕಾರಿಯನ್ನು ಕಾಣು ಎಂದ. ಮುದ್ರಾಧಿಕಾರಿ, "ಪ್ರಧಾನರ ಅಪ್ಪಣೆಯಿಲ್ಲದೆ ನಾನು ಬಾಯಿ ತೆರೆಯಲಾರೆ" ಎಂದ. ಮೂರನೆಯ ದಿನ ಪ್ರಧಾನನೇ ಕರೆಸಿಕೊಂಡು, ಎಲ್ಲವನ್ನೂ ಕೇಳಿ, ಮೆಲ್ಲಗೆ ನಕ್ಕ.

"ಓಜರೇ, ರಾಜಲಾಂಛನದ ರೂಪ ಕೆಡಿಸಿದವನ ಬಲಗೈ ಹೆಬ್ಬೆರಳು ಕತ್ತರಿಸಬೇಕೆಂಬ ಕಟ್ಟಳೆ ಮರೆತಿರಾ?"

"ಮರೆತಿಲ್ಲ, ಸ್ವಾಮಿ. ಆದರೆ ಸೆಟ್ಟರದು ತಲೆ, ನನ್ನದು ಬೆರಳು."

"ಹೆಬ್ಬೆರಳಿಲ್ಲದ ಓಜನಿಗೆ ಉಳಿಯುವುದೇನು? ಮನೆಗೆ ಹೋಗಿ."

ಮಾಳೋಜ ಮನೆಗೆ ಹೋದ. ಉಳಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಕುಳಿತ. ಅವನಿಗೆ ಭಯವಾಗಿತ್ತು. ಭಯಕ್ಕಿಂತ ಹೆಚ್ಚಾಗಿ, ಸತ್ಯ ಹೇಳಲು ಬಂದವನಿಗೂ ಇಷ್ಟು ಬಾಗಿಲುಗಳೇ ಎಂದು ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಬಾಗಿಲು ತೆರೆಸಿದ್ದು ಒಂದು ಹಳೆಯ ಪದ್ಧತಿ. ಯಾವುದೇ ಪಟ್ಟಣದ ವಿರುದ್ಧ ಹೊರಡುವ ಆಜ್ಞಾಪತ್ರಕ್ಕೆ ಆ ಪಟ್ಟಣದ ಮುದ್ರೆಯೂ ಬೀಳಬೇಕು, ಅದನ್ನು ಓಜನೇ ತಂದು ದೊರೆಯ ಎದುರು ಒತ್ತಬೇಕು. ನಾಲ್ಕನೆಯ ದಿನದ ಮಧ್ಯಾಹ್ನ, ಪಂಡಿತರು ಬಳಲಿ ಪ್ರಧಾನನ ಮಾತಿಗೆ ತಲೆದೂಗಿದಾಗ, ಬಮ್ಮಿಸೆಟ್ಟಿಯ ಮರಣದಂಡನೆಯ ಪತ್ರಕ್ಕೆ ಮುದ್ರೆ ತರುವಂತೆ ಮಾಳೋಜನಿಗೆ ಕರೆ ಹೋಯಿತು.

ಅವನು ಅರಗು ಕರಗಿಸಿ ಸುರಿದ, ಮುದ್ರೆ ಒತ್ತಿದ, ಪತ್ರವನ್ನು ದೊರೆಯ ಮುಂದೆ ಹಿಡಿದ.

"ಮಹಾಪ್ರಭುಗಳು ಸಹಿ ಹಾಕುವ ಮುನ್ನ ಟಗರಿನ ಮುಖ ನೋಡಬೇಕು."

ಅರಗಿನ ಟಗರು ಬಲಕ್ಕೆ, ಮೂಡಣವನ್ನು ನೋಡುತ್ತಿತ್ತು. ಹಿತ್ತಾಳೆಯದು ಎಡಕ್ಕೆ, ಪಡುವಣವನ್ನು ನೋಡುತ್ತಿತ್ತು. ಅರಿಮರ್ದನದೇವ ಎರಡನ್ನೂ ಮತ್ತೆ ಮತ್ತೆ ತಿರುಗಿಸಿ ನೋಡಿದ.

"ಹಾಗಾದರೆ ಬಾಗಿಲ ಮೇಲಿನದು?"

"ನನ್ನ ಕೆತ್ತನೆ, ಪ್ರಭು. ಮುದ್ರೆ ನೋಡಿ ಕೆತ್ತಿ ಕೆಟ್ಟೆ. ಹಾಲಗೆರೆಯವರ ತಪ್ಪು ಎಳ್ಳಷ್ಟೂ ಇಲ್ಲ. ನಿನ್ನೆಯೇ ಪ್ರಧಾನರಲ್ಲಿ ಅರಿಕೆ ಮಾಡಿದ್ದೆ."

ದೊರೆ ತನ್ನ ಕೈಯಾರೆ ಪತ್ರವನ್ನು ಹರಿದು, ಬಮ್ಮಿಸೆಟ್ಟಿಯನ್ನು ಬಿಡಿಸಿ, ಗೋವಿಂದಮಯ್ಯನಿಂದ ಅಧಿಕಾರದ ಉಂಗುರ ಕಳಚಿಸಿದ. ಆದರೆ ಓಜನನ್ನು ಕ್ಷಮಿಸಬಹುದೇ ಎಂದು ಕೇಳಿದಾಗ, ನಾಲ್ಕು ದಿನ ಒಂದು ಮಾತಿಗೆ ಬಾರದ ಹನ್ನೆರಡು ಮಂದಿ ಪಂಡಿತರು ಅರೆಗಳಿಗೆಯಲ್ಲಿ ಒಮ್ಮತಕ್ಕೆ ಬಂದರು: ಕಟ್ಟಳೆ ಕಟ್ಟಳೆಯೇ. ದೊರೆ ತಲೆ ತಗ್ಗಿಸಿದ. ಮಾಳೋಜ ಯಾರ ಕಡೆಗೂ ನೋಡದೆ ಬಲಗೈ ಚಾಚಿದ.

ಗಾಯ ಮಾಗಿದ ಮೇಲೆ ದೊರೆ ಹಾಲಗೆರೆಗೆ ಹೊಸ ಕಲ್ಲು ಕಳಿಸುವುದಾಗಿ ಹೇಳಿದ. ಬಮ್ಮಿಸೆಟ್ಟಿ ಕೈಮುಗಿದು, "ಆ ಟಗರು ಹಾಗೆಯೇ ಇರಲಿ, ಮಹಾಪ್ರಭು. ಅದರ ಕೆಳಗೆ ಒಂದು ಹೆಬ್ಬೆರಳು ಮೂಡಲಿ. ಅದನ್ನೂ ನಮ್ಮ ಓಜರೇ ಕೆತ್ತಲಿ" ಎಂದ. ಮಾಳೋಜ ಎಡಗೈಯಲ್ಲಿ ಉಳಿ ಹಿಡಿಯಲು ಕಲಿತು, ಮೂರು ತಿಂಗಳು ಹೆಣಗಿ, ಸೊಟ್ಟಗೆ ಒಂದು ಬೆರಳು ಕಡೆದ.

ಆಮೇಲೆ ಬಂದ ಪಂಡಿತರೆಲ್ಲ ಅದನ್ನು ಬಾಳೆಯ ಮೊಗ್ಗೆಂದರು, ದೀಪದ ಕುಡಿಯೆಂದರು, ಒಬ್ಬರ ಮಾತನ್ನೊಬ್ಬರು ಖಂಡಿಸಿದರು. ಹಾಲಗೆರೆಯವರು ವಾದಕ್ಕೆ ಹೋಗಲಿಲ್ಲ. ಆ ಬಾಗಿಲು ದಾಟುವಾಗ ಮಾತ್ರ ಬಲಗೈಯ ಹೆಬ್ಬೆರಳನ್ನು ಮಡಚಿಟ್ಟು, ಉಳಿದ ನಾಲ್ಕು ಬೆರಳುಗಳಿಂದ ಹಣೆ ಮುಟ್ಟಿಕೊಂಡು ಒಳಗೆ ಹೋಗುತ್ತಿದ್ದರು.